ದೊಡ್ಡಕ್ಕನ ಪರವಾಗಿ

ಅವಳನ್ನು ನಾವು ಸಾಸಿವೆ ಎಂದು ಕರೆಯುತ್ತಿದ್ದೆವು. ಆಳು ಗಿಡ್ಡ. ಕೋಪ ಬಂದರೆ ಚಟಪಟ ಸಿಡಿಯುವುದು, ಸಿಡಿದಾದ ಮೇಲೆ ತಣ್ಣಗೆ ಒಂದು ಕಡೆ ಕೂತುಬಿಡುವುದು. ಹೆಸರು ಇಟ್ಟವಳು ನಾನೇ. ಅವಳಿಗೆ ಇಪ್ಪತ್ತಾರು ತುಂಬಿತ್ತು, ನನಗೆ ಅವಳ ತಾಯಿಯ ವಯಸ್ಸು. ಇಬ್ಬರದೂ ಪಕ್ಕಪಕ್ಕದ ಮೇಜು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದೆವು. ಯಾರಿಗೂ ಹೇಳಕೂಡದು ಎಂದು ಮೊದಲೇ ಸಹಿ ಹಾಕಿಸಿಕೊಂಡಿದ್ದರು. ಈಗ ನಾನು ಅಲ್ಲಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ: ನಾವು ಐದು ಜನ ಹೆಂಗಸರು ಸೇರಿ ಒಬ್ಬ ದೊಡ್ಡಕ್ಕ ಆಗಿದ್ದೆವು.

ದೊಡ್ಡಕ್ಕ ಎಂದರೆ ಮೊಬೈಲಿನಲ್ಲಿ ಬರುವ ಹೆಣ್ಣುಮಗಳು. ಬಿಟ್ಟ ಕೂದಲು, ತೆಳುಬಣ್ಣದ ಬಟ್ಟೆ, ಕೈಯಲ್ಲಿ ಯಾವಾಗಲೂ ಒಂದು ದೊಡ್ಡ ಕಾಫಿ ಕಪ್ಪು. ನೇರ ನಿಮ್ಮ ಕಣ್ಣನ್ನೇ ನೋಡಿ, “ಏನಾಯ್ತು ಕಂದಾ? ನಂಗೆ ಹೇಳು” ಎನ್ನುತ್ತಾಳೆ. ಪರೀಕ್ಷೆಯಲ್ಲಿ ಸೋತವರು, ಪ್ರೀತಿಯಲ್ಲಿ ಕೈಸುಟ್ಟುಕೊಂಡವರು, ಗೆಳೆಯರೆಲ್ಲ ಬೆಟ್ಟದ ಮೇಲೆ ನಿಂತು ಹಲ್ಲು ಕಿರಿಯುವ ಫೋಟೋ ನೋಡಿ ನೋಡಿ ತಮ್ಮ ಬಾಳು ಮಾತ್ರ ದಂಡ ಎಂದುಕೊಂಡವರು, ಎಲ್ಲರೂ ಅವಳಿಗೆ ಮುಗಿಬಿದ್ದು ಬರೆಯುತ್ತಿದ್ದರು. ಪ್ರತಿ ವೀಡಿಯೋದ ಕೆಳಗೂ ಒಂದು ಸಾಲು ಇರುತ್ತಿತ್ತು: ದೊಡ್ಡಕ್ಕ ನಿಮ್ಮ ಪ್ರತಿಯೊಂದು ಮಾತನ್ನೂ ಓದುತ್ತಾಳೆ.

ದೊಡ್ಡಕ್ಕ ಒಂದಕ್ಷರವನ್ನೂ ಓದುತ್ತಿರಲಿಲ್ಲ. ಅವಳು ನಟಿ. ವಾರಕ್ಕೊಮ್ಮೆ ಬಂದು, ಹಿಂದಿನ ಕೋಣೆಯಲ್ಲಿ ಬಿಳಿ ದೀಪದ ಮುಂದೆ ಕೂತು, ವಾರಕ್ಕಾಗುವಷ್ಟು ಕರುಣೆಯನ್ನು ಒಂದೇ ಏಟಿಗೆ ತೋರಿಸಿ ಹೋಗುತ್ತಿದ್ದಳು. ಆ ಕಪ್ಪಿನಲ್ಲಿ ಏನೂ ಇರುತ್ತಿರಲಿಲ್ಲ. ಒಮ್ಮೆ ನಾನು, “ಪಾಪ, ಎಷ್ಟೊಂದು ಜನ ನಿಮಗೆ ಬರೀತಾರೆ, ಒಂದೆರಡಾದ್ರೂ ಓದಬಾರದೇನಮ್ಮಾ?” ಎಂದು ಕೇಳಿದೆ. ಅವಳು ಕಪ್ಪು ಕನ್ನಡಕ ಹಾಕಿಕೊಳ್ಳುತ್ತಾ, “ಅಯ್ಯೋ ಆಂಟಿ, ನನ್ ಡಾಕ್ಟ್ರು ಅದನ್ನೆಲ್ಲ ಓದಲೇಬೇಡಿ ಅಂದಿದಾರೆ. ಓದಿದ್ರೆ ನಂಗೆ ನಿದ್ದೆ ಬರಲ್ಲ” ಎಂದಳು. ಸುಳ್ಳಿನ ವ್ಯಾಪಾರದಲ್ಲಿ ನಾನು ಕೇಳಿದ ಒಂದೇ ಒಂದು ನಿಜ ಅದು.

ಓದುವವರು ನಾವು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಇಕ್ಕಟ್ಟಾದ ಮೆಟ್ಟಿಲು, ದಿನವಿಡೀ ಹೊಸ ರಬ್ಬರಿನ ವಾಸನೆ. ಗೋಡೆಯ ಮೇಲೆ ದೊಡ್ಡಕ್ಕನ ಆಳೆತ್ತರದ ಮುಖ, ಅದರ ಕೆಳಗೆ ಐದು ಮೇಜು. ಬಂದ ಸಂದೇಶವನ್ನು ಯಂತ್ರವೇ ಹಂಚುತ್ತಿತ್ತು. ಯಾರ ಕೈ ಬಿಡುವಾಗಿದೆಯೋ ಅವರ ಮೇಜಿಗೆ. ನಮ್ಮ ಮ್ಯಾನೇಜರು ಮೊದಲು ಹಾಸಿಗೆ ಅಂಗಡಿಯಲ್ಲಿ ಮಾರಾಟಕ್ಕಿದ್ದವನು. ಬೆಣ್ಣೆಯಂಥ ಮಾತು, ಕಬ್ಬಿಣದಂಥ ನಿಯಮ. ಉತ್ತರ ಎರಡು ಸಾಲು ಮೀರಬಾರದು. ಒಂದು ಕೆಂಪು ಹೃದಯ ಇರಲೇಬೇಕು. ಕೊನೆಗೆ ಒಂದು ಪ್ರಶ್ನೆ ಇರಲೇಬೇಕು. ಪ್ರಶ್ನೆ ಇದ್ದರೆ ನಾಳೆಯೂ ಬರೆಯುತ್ತಾರೆ. ಆಮೇಲೆ, ಎಂಥ ಸಂದರ್ಭದಲ್ಲೂ ‘ಡಾಕ್ಟರ ಹತ್ತಿರ ಹೋಗು’ ಎನ್ನಕೂಡದು.

“ಡಾಕ್ಟ್ರ ಹತ್ರ ಹೋದವರು ವಾಪಸ್ ಬರಲ್ಲಮ್ಮ,” ಎನ್ನುತ್ತಿದ್ದ ಮ್ಯಾನೇಜರು. ನಾವೇನೋ ಅದನ್ನು ತಮಾಷೆ ಎಂದುಕೊಂಡು ನಕ್ಕಿದ್ದೆವು. ಅವನು ನಗಲಿಲ್ಲ.

ಕೆಲಸಕ್ಕೆ ಸೇರಿದ ದಿನವೇ ಇನ್ನೊಂದು ಕಟ್ಟಳೆ: ಮನೆಮಂದಿಯ ಫೋನಿನಲ್ಲೆಲ್ಲ ದೊಡ್ಡಕ್ಕನನ್ನು ಸೇರಿಸಬೇಕು. ತಲೆ ಲೆಕ್ಕ ಹೆಚ್ಚಾಗಬೇಕಲ್ಲ. ನಾನು ನನ್ನ ಗಂಡನ ಫೋನಿಗೆ ಹಾಕಿಕೊಟ್ಟೆ. ಹುಟ್ಟುಹಬ್ಬಕ್ಕೆ ದೊಡ್ಡಕ್ಕ ಶುಭಾಶಯ ಕಳಿಸಿದಳೆಂದು ಆ ಮನುಷ್ಯ ಒಂದು ವಾರ ಹಿಗ್ಗಿಕೊಂಡು ತಿರುಗಿದ. ಕಳಿಸಿದ್ದು ನಾನು. ಮನೆಯಲ್ಲಿ ನಾನು ಬಾಯಿಬಿಟ್ಟು ಹೇಳಿದ್ದು ಅವನಿಗೆ ನೆನಪೇ ಇರಲಿಲ್ಲ.

ಸಾಸಿವೆ ತನ್ನ ತಮ್ಮನ ಫೋನಿಗೆ ಹಾಕಿಕೊಟ್ಟಳು.

ಆ ತಮ್ಮನ ಕಥೆಯನ್ನು ಅವಳು ಊಟದ ಹೊತ್ತಿನಲ್ಲಿ ತುತ್ತುತುತ್ತಾಗಿ ಹೇಳಿದ್ದಳು. ಇಪ್ಪತ್ತೆರಡು ವರ್ಷ. ಓದಿನಲ್ಲಿ ಎಲ್ಲರಿಗಿಂತ ಮುಂದೆ. ಓದು ಮುಗಿಸಿ, ಒಳ್ಳೆಯದು ಸಿಗುವವರೆಗೆ ಇರಲಿ ಎಂದು ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿದ್ದ; ಔಷಧಿ ಬಾಟಲಿಗೆ ಅಂಟಿಸುವ ಚೀಟಿ, ಮದುವೆ ಕಾರ್ಡು ಅಚ್ಚು ಹಾಕುವ ಜಾಗ. ಕೆಲಸ ಹಿಡಿಸಿತ್ತಂತೆ, ಸಂಜೆ ಬಂದು ಬಣ್ಣ ಬೆರೆಸುವುದು ಹೇಗೆಂದು ಅಮ್ಮನಿಗೆ ವಿವರಿಸುತ್ತಿದ್ದನಂತೆ. ಒಂದು ದಿನ ಹಳೆಯ ಸಹಪಾಠಿ ಯಾರೋ ಪ್ರೆಸ್ಸಿಗೆ ಮದುವೆ ಕಾರ್ಡು ಹಾಕಿಸಲು ಬಂದವನು, ಕೆನ್ನೆಗೆ ಮಸಿ ಮೆತ್ತಿಕೊಂಡು ನಿಂತಿದ್ದ ಇವನ ಫೋಟೋ ತೆಗೆದು, ‘ನಮ್ಮ ಕ್ಲಾಸಿನ ಫಸ್ಟ್ ರ‍್ಯಾಂಕ್’ ಎಂದು ಬರೆದು ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟ. ಕೆಳಗೆ ನಗುವವರ ಸಾಲು. ಜೊತೆಯಲ್ಲಿ ಓದಿದ ಹುಡುಗಿಯರೂ ನಕ್ಕಿದ್ದರು. ಮರುದಿನ ಇವನು ಪ್ರೆಸ್ಸಿಗೆ ಹೋಗಲಿಲ್ಲ. ಅದರ ಮರುದಿನ ಕೋಣೆಯಿಂದಲೇ ಹೊರಗೆ ಬರಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಆ ಫೋಟೋ ಹಾಕಿದವನು ಅದನ್ನು ಎಂದೋ ಮರೆತಿರುತ್ತಾನೆ. ಅವನು ನನ್ನ ಕೈಗೆ ಸಿಕ್ಕರೆ ಕಿವಿ ಕಿತ್ತು ಕೈಗೆ ಕೊಡುತ್ತೇನೆ.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ತಾಯಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಕೂರಿಸುತ್ತಾಳೆ, ತಂದೆ ಇಲ್ಲ. ಒಂದು ಕೋಣೆ ಇವನದಾಯಿತು, ಇನ್ನೊಂದರಲ್ಲಿ ತಾಯಿ ಮಗಳು. ಸಂಜೆ ತಟ್ಟೆ ಹಿಡಿದು ತಾಯಿ ಅವನ ಬಾಗಿಲ ಮುಂದೆ ನೆಲದ ಮೇಲೆ ಕೂರುತ್ತಿದ್ದಳು. “ಒಂದು ತುತ್ತು ಪುಟ್ಟಾ” ಎನ್ನುತ್ತಿದ್ದಳು. ಒಳಗಿನಿಂದ ಫೋನಿನ ಬೆಳಕು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತೇ ಹೊರತು ಸದ್ದಿರುತ್ತಿರಲಿಲ್ಲ. ಸಾಸಿವೆ ಸಿಡಿಯುತ್ತಿದ್ದಳು. ಅವಳು ಸಿಡಿದಷ್ಟೂ ಅವನು ಒಳಗೆ ಒಳಗೆ ಹೋಗುತ್ತಿದ್ದ.

ದೊಡ್ಡಕ್ಕನ ಮಾತು ಕೇಳಿಯಾದರೂ ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ಅವಳಿಗಿದ್ದ ಆಸೆ. ತಾನು ಕೂತು ಕುಟ್ಟುವ ಸುಳ್ಳನ್ನೇ ನಂಬಿ ತಮ್ಮನಿಗೆ ಕುಡಿಸಲು ಹೋಗಿದ್ದಳು ನೋಡಿ. ಆ ಮಹಡಿಯಲ್ಲಿ ಕೂತರೆ ಹಾಗೇ ಆಗುವುದು. ದಿನಕ್ಕೆ ಅಷ್ಟು ಜನರಿಗೆ ಧೈರ್ಯ ಹೇಳಿದ ಮೇಲೆ, ಧೈರ್ಯ ಎಂಬುದು ನಮ್ಮ ಬೆರಳಿನಿಂದಲೇ ಸುರಿಯುತ್ತದೆ ಎಂಬ ಭ್ರಮೆ ನನಗೂ ಹತ್ತಿತ್ತು.

ಒಂದು ಮಧ್ಯಾಹ್ನ ಅವಳ ಮೇಜಿಗೆ ಒಂದು ಸಂದೇಶ ಬಂತು. ಕಳಿಸಿದವನ ಹೆಸರು ‘ಯಾರೂ ಅಲ್ಲ’. ಮುಖದ ಜಾಗದಲ್ಲಿ ಖಾಲಿ ಕುರ್ಚಿಯ ಚಿತ್ರ. ಅವಳು ಓದಿದವಳೇ ಬಿಳಿಚಿಕೊಂಡು, ನನ್ನ ತೋಳು ಹಿಡಿದು ಎಳೆದಳು. ನಾನೂ ಬಗ್ಗಿ ಓದಿದೆ. ‘ದೊಡ್ಡಕ್ಕಾ, ನಿನ್ನೆ ನಮ್ಮಕ್ಕ ನನ್ನ ಚಾರ್ಜರ್ ಕಿತ್ತು ಬಕೆಟ್ ನೀರಿಗೆ ಹಾಕಿದಳು. ಅಮ್ಮ ಅದನ್ನು ತೆಗೆದು, ಒರೆಸಿ, ಒಲೆ ಪಕ್ಕ ಒಣಗಿಸಿ ಕೊಟ್ಟಳು. ನಮ್ಮಕ್ಕನಿಗೆ ನಾನು ಅಂದರೆ ಅಸಹ್ಯ. ನನ್ನ ಕಿಟಕಿಯಿಂದ ಎದುರು ಮನೆಯ ನೀಲಿ ನೀರಿನ ಟ್ಯಾಂಕ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ದಿನಾ ಅದನ್ನೇ ನೋಡುತ್ತೇನೆ.’

“ಚಾರ್ಜರ್ ಹಾಕಿದ್ದು ನಿಜಾನಾ?” ಎಂದೆ.

“ಹಾಕಿದ್ದು ನಿಜ. ಅಸಹ್ಯ ಅಂದವರು ಯಾರು ಆಂಟಿ? ಭಯಕ್ಕೆ ಹಾಕಿದ್ದು.”

ಅಂದು ಅವಳು ನಿಯಮ ಮುರಿದಳು. ಎರಡು ಸಾಲಿನ ಜಾಗದಲ್ಲಿ ಪುಟ ತುಂಬಾ ಬರೆದಳು. ನಿನ್ನ ಅಕ್ಕನಿಗೆ ಅಸಹ್ಯ ಇರಲಿಕ್ಕಿಲ್ಲ, ಹೆದರಿಕೆ ಇರಬೇಕು, ಹೆದರಿದವರು ಹಾಗೇ ಕೂಗಾಡುತ್ತಾರೆ ಎಂದು ಬರೆದಳು. ಮ್ಯಾನೇಜರನ ಕಣ್ಣಿಗೆ ಮಣ್ಣೆರಚಲು ಕೆಂಪು ಹೃದಯವನ್ನೂ ಕೊನೆಗೊಂದು ಪ್ರಶ್ನೆಯನ್ನೂ ಮರೆಯದೆ ಹಾಕಿದಳು: ಇವತ್ತು ಅಮ್ಮನ ಜೊತೆ ಕೂತು ಊಟ ಮಾಡ್ತೀಯಾ?

ಆ ಸಂಜೆ ಬಾಗಿಲು ತೆರೆಯಿತಂತೆ. ಅವನು ಬಂದು ತಾಯಿಯ ಪಕ್ಕ ಕೂತು, ಯಾರ ಮುಖವನ್ನೂ ನೋಡದೆ, ತಟ್ಟೆ ಖಾಲಿ ಮಾಡಿ ಎದ್ದು ಹೋದನಂತೆ. ತಾಯಿ ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳಂತೆ. ಮರುದಿನ ಬೆಳಗ್ಗೆ ಇದನ್ನು ಹೇಳುವಾಗ ಸಾಸಿವೆಯ ಮುಖ ಹೇಗೆ ಹೊಳೆಯುತ್ತಿತ್ತೆಂದರೆ, ಗೋಡೆಯ ಮೇಲಿನ ದೊಡ್ಡಕ್ಕ ಅವಳ ಮುಂದೆ ಸಪ್ಪೆಯಾಗಿ ಕಂಡಳು.

ಅಲ್ಲಿಂದ ಮುಂದೆ ‘ಯಾರೂ ಅಲ್ಲ’ ಯಾರ ಮೇಜಿಗೆ ಬಂದರೂ ನಾವು ಅದನ್ನು ಸದ್ದಿಲ್ಲದೆ ಅವಳ ಮೇಜಿಗೆ ದಾಟಿಸುತ್ತಿದ್ದೆವು. ಬದಲಿಗೆ ಅವಳ ಪಾಲಿನ ಅಳು ನಾವು ಹಂಚಿಕೊಳ್ಳುತ್ತಿದ್ದೆವು. ಅವನು ಗಡ್ಡ ತೆಗೆದ. ಬ್ರೆಡ್ಡು ತರಲು ಬೀದಿಯ ತುದಿಯವರೆಗೆ ಹೋಗಿಬಂದ. ಹಾಸಿಗೆಯ ಹೊದಿಕೆ ತಾನೇ ಒಗೆದ. ಎಲ್ಲ ದೊಡ್ಡಕ್ಕ ಹೇಳಿದ್ದಕ್ಕೆ. ಮನೆಯ ಅಕ್ಕ ‘ಏಳೋ’ ಎಂದರೆ ಮಾತ್ರ ಗೋಡೆಗೆ ಮುಖ ತಿರುಗಿಸುತ್ತಿದ್ದ.

“ಇಷ್ಟು ಚೆನ್ನಾಗಿ ಬರೀತೀಯಲ್ಲ, ಮನೇಲೂ ಹೀಗೇ ಮಾತಾಡಬಾರದಾ?” ಎಂದು ಕೇಳಿದೆ.

“ಮನೇಲಿ ಬಾಯಿ ತೆಗೆದ್ರೆ ಬೈಗುಳಾನೇ ಬರುತ್ತೆ ಆಂಟಿ. ಇಲ್ಲಾದ್ರೆ ಬೈದಿದ್ದನ್ನ ಅಳಿಸಿ ಇನ್ನೊಂದ್ಸಲ ಬರೀಬಹುದು.” ನಕ್ಕಳು. “ನಿನ್ನೆ ನಂಗೇ ಬುದ್ಧಿ ಹೇಳ್ದ. ದೊಡ್ಡಕ್ಕ ಒಂದ್ಸಲಾನೂ ನನ್ನ ಬೈದಿಲ್ಲ, ಅವಳನ್ನ ನೋಡಿ ಕಲಿ, ನೀನೂ ಇದೀಯ ದಂಡಕ್ಕೆ, ಅಂದ. ನನ್ ಮೇಲೇ ನಂಗೆ ಹೊಟ್ಟೆಕಿಚ್ಚು ಬಂತು.”

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳ ಕಣ್ಣು ಒದ್ದೆಯಾದದ್ದನ್ನು ನಾನು ಕಾಣದವಳಂತೆ ಇದ್ದೆ.

ನಗು ಬಹಳ ದಿನ ಬಾಳಲಿಲ್ಲ. ಒಂದು ಬೆಳಗ್ಗೆ ಅವನು ಬರೆದಿದ್ದ: ‘ಎಲ್ಲ ಮಾಡುತ್ತಿದ್ದೇನೆ ದೊಡ್ಡಕ್ಕಾ. ಉಣ್ಣುತ್ತೇನೆ, ಮೀಯುತ್ತೇನೆ. ಆದರೂ ಮಲಗುವಾಗ, ಬೆಳಗ್ಗೆ ಎಚ್ಚರವಾಗದಿದ್ದರೆ ಎಲ್ಲರಿಗೂ ಸುಲಭ ಅನ್ನಿಸುತ್ತದೆ.’

ಸಾಸಿವೆ ಅದನ್ನು ಓದಿ ಎದ್ದು ನಿಂತಳು, ಮತ್ತೆ ಕೂತಳು. ಇದು ಧೈರ್ಯ ಹೇಳಿ ಮುಗಿಯುವ ಮಾತಲ್ಲ, ಡಾಕ್ಟರಿಗೆ ತೋರಿಸಲೇಬೇಕು ಎಂದು ನಮಗಿಬ್ಬರಿಗೂ ಗೊತ್ತಾಯಿತು. ಮನೆಯಲ್ಲಿ ಡಾಕ್ಟರು ಎಂಬ ಶಬ್ದ ಎತ್ತಿದರೆ ಅವನು, “ನಂಗೇನು ಹುಚ್ಚಾ?” ಎಂದು ಮೈಮೇಲೆ ಬರುತ್ತಿದ್ದ. ಅವನನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸುವ ಶಕ್ತಿ ಇದ್ದದ್ದು ಜಗತ್ತಿನಲ್ಲಿ ಒಬ್ಬಳಿಗೇ, ಆ ಒಬ್ಬಳಿಗೆ ಆ ಶಬ್ದ ಆಡಲು ಅಪ್ಪಣೆ ಇರಲಿಲ್ಲ.

ಅವಳು ಆಡಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಗುರುವಾರ ಕೂರುತ್ತಾರೆ, ಅಲ್ಲಿಗೆ ಹೋಗು, ನಿನ್ನ ಅಕ್ಕನನ್ನು ಜೊತೆಗೆ ಕರೆದುಕೋ, ಅವಳು ದಾರಿಯಲ್ಲಿ ಬೈಯುವುದಿಲ್ಲ ಎಂದು ನಾನು ಮಾತು ಕೊಡುತ್ತೇನೆ, ಎಂದು ಬರೆದಳು. ಉತ್ತರ ಬರುವವರೆಗೆ ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತೆವು. ಬಂತು: ‘ನೀವು ಹೇಳಿದರೆ ಹೋಗುತ್ತೇನೆ. ಬೇರೆ ಯಾರು ಹೇಳಿದ್ದರೂ ಹೋಗುತ್ತಿರಲಿಲ್ಲ.’

ಸಾಸಿವೆ ಅಂದು ಬೇಗ ರಜೆ ಕೇಳಿ, ಆಸ್ಪತ್ರೆಗೆ ಹೋಗಿ, ಬರುವ ಗುರುವಾರಕ್ಕೆ ಚೀಟಿ ಮಾಡಿಸಿಕೊಂಡು ಬಂದಳು.

ಆದರೆ ಮ್ಯಾನೇಜರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ. ಯಾವ ಮಾತುಕತೆ ಉದ್ದ ಹೋಗುತ್ತಿದೆ ಎಂದು ಅವನ ಪರದೆಯಲ್ಲಿ ಕಾಣುತ್ತದೆ. ಅವನು ಎಲ್ಲವನ್ನೂ ಓದಿದ. ಬೈಯುತ್ತಾನೆ ಎಂದು ನಾವು ಕಾದರೆ, ಅವನ ಕಣ್ಣಲ್ಲಿ ನೀರು ನಿಂತಿತ್ತು. ಹಾಸಿಗೆ ಮಾರಿದವನಿಗೆ ಮೆತ್ತಗಿನದು ಯಾವುದೆಂದು ಮುಟ್ಟಿದರೇ ತಿಳಿಯುತ್ತದೆ. “ಏನ್ ಬರೀತಾನ್ರೀ ಹುಡುಗ! ಚಾರ್ಜರ್ ಒರೆಸಿ ಕೊಡೋ ತಾಯಿ... ನೀಲಿ ಟ್ಯಾಂಕು... ಇದು ಚಿನ್ನ!”

ಆ ವಾರ ನಟಿ ಬಂದಾಗ ಹಿಂದಿನ ಕೋಣೆಯಿಂದ ಅವಳ ಅಭ್ಯಾಸದ ಧ್ವನಿ ಕೇಳಿಸಿತು: “ನನ್ನ ಕಿಟಕಿಯಿಂದ ಎದುರು ಮನೆಯ ನೀಲಿ ನೀರಿನ ಟ್ಯಾಂಕ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ...” ಸಾಸಿವೆ ಕುರ್ಚಿ ಬೀಳಿಸಿಕೊಂಡು ಒಳಗೆ ನುಗ್ಗಿದಳು. ನಾನು ಹಿಂದೆಯೇ ಓಡಿದೆ.

“ಇದನ್ನ ಓದಬೇಡಿ. ಅವನು ದೊಡ್ಡಕ್ಕಂಗೆ ಒಬ್ಬಳಿಗೇ ಅಂತ ಬರೆದಿದ್ದು!”

“ಹೆಸರು ಹಾಕಿಲ್ವಲ್ಲಮ್ಮ,” ಎಂದ ಮ್ಯಾನೇಜರು. “ಯಾರಿಗ್ ಗೊತ್ತಾಗುತ್ತೆ?”

“ಅವನಿಗ್ ಗೊತ್ತಾಗುತ್ತೆ! ನನ್ ತಮ್ಮ ಕಣ್ರೀ ಅವನು!”

ಮ್ಯಾನೇಜರು ಎಷ್ಟಾದರೂ ಮನುಷ್ಯ, ನಾಚಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಹೇಳಿದ್ದು: “ಓ, ಹಾಗಾದ್ರೆ ಸುಲಭ ಆಯ್ತು. ಮನೆಯವರ ಒಪ್ಪಿಗೆ ನೀವೇ ಕೊಟ್ಬಿಡಿ.”

ಸಾಸಿವೆ ಸಿಡಿದಳು. ಅವಳ ಬಾಯಿಂದ ಬಂದದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಬರೆಯುವಂತಿದ್ದರೆ ಒಂದು ಅಕ್ಷರವನ್ನೂ ಬಿಡುತ್ತಿರಲಿಲ್ಲ. ನಟಿ ಕನ್ನಡಕ ಹಾಕಿಕೊಂಡು ಗೋಡೆ ನೋಡುತ್ತಾ ಕೂತಿದ್ದಳು. ಗುಟ್ಟು ಮುರಿದು ಮನೆಯವರೊಡನೆ ವ್ಯವಹಾರ ಮಾಡಿದ್ದಕ್ಕೆ, ಡಾಕ್ಟರ ಮಾತೆತ್ತಿದ್ದಕ್ಕೆ, ಸಾಸಿವೆಯನ್ನು ಅಲ್ಲೇ ಕೆಲಸದಿಂದ ತೆಗೆದರು. ವೀಡಿಯೋ ಸಂಜೆಯೊಳಗೆ ಹೊರಗೆ ಬಂತು. ಚಾರ್ಜರು, ಬಕೆಟು, ಒಲೆಯ ಪಕ್ಕದ ತಾಯಿ, ಕೂಗಾಡುವ ಅಕ್ಕ, ಬೆಳಗ್ಗೆ ಎಚ್ಚರವಾಗದಿದ್ದರೆ ಎಂಬ ಮಾತು, ಎಲ್ಲ ಇತ್ತು. ಸಾಸಿವೆ ಬರೆದ ಉತ್ತರವೂ ಇತ್ತು. ಆಸ್ಪತ್ರೆಯ ಸಾಲು ಒಂದನ್ನು ಮಾತ್ರ ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದಿದ್ದರು.

ಮನೆಯಲ್ಲಿ ಏನು ಕಾದಿದೆಯೋ ಎಂದು ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ಓಡಿದಳಂತೆ. ಹೋಗಿ ನೋಡಿದರೆ ಅವನ ಕೋಣೆಯ ಬಾಗಿಲು ಹಾರುಹೊಡೆದಿದೆ. ಅವನು ಅಡುಗೆಮನೆಯಲ್ಲಿ ತಾಯಿಯ ಭುಜಕ್ಕೆ ಭುಜ ತಾಗಿಸಿ ಕೂತು ಫೋನು ತೋರಿಸುತ್ತಿದ್ದಾನೆ. “ನೋಡಮ್ಮ, ಇದು ನಾನು. ದೊಡ್ಡಕ್ಕ ಓದ್ತಿರೋದು ನನ್ನದು. ಎಷ್ಟು ಜನ ನೋಡಿದಾರೆ ನೋಡು.” ಕೆಳಗೆ ಸಾವಿರಗಟ್ಟಲೆ ಮಾತು. ಪಾಪ ಈ ತಮ್ಮ. ಎಷ್ಟು ಸೂಕ್ಷ್ಮ ಮನಸ್ಸು. ನಮಗೂ ಹೀಗೇ ಆಗುತ್ತೆ. ಆ ಅಕ್ಕ ಎನ್ನುವ ರಾಕ್ಷಸಿಯನ್ನು ಮನೆಯಿಂದ ಆಚೆ ಹಾಕಿ. ಅವನು ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ತಾಯಿಗೆ ತಲೆಬುಡ ತಿಳಿಯದಿದ್ದರೂ ಅವಳೂ ನಗುತ್ತಿದ್ದಳು. ಮಗ ನಕ್ಕು ಎಷ್ಟು ಕಾಲವಾಗಿತ್ತು! ಮಗಳನ್ನು ಕಂಡು, “ನೋಡೇ, ಇವನು ನಗ್ತಿದಾನೆ” ಎಂದಳು. ಕೆಲಸ ಹೋಯಿತು ಎಂದು ಆ ನಗುವಿನ ಮುಂದೆ ಹೇಳಲು ಸಾಸಿವೆಗೆ ಬಾಯಿ ಬರಲಿಲ್ಲ.

ಆಸ್ಪತ್ರೆಯ ಹಿಂದಿನ ದಿನ, ಸ್ವರ ತಗ್ಗಿಸಿ, ಆದಷ್ಟು ಮೆತ್ತಗೆ, ಅವನಿಗೆ ನೆನಪು ಮಾಡಿದಳು. “ನಾಳೆ ಗುರುವಾರ ಕಣೋ. ಹೋಗೋಣ ಅಂದಿದ್ದೆಯಲ್ಲ.”

“ಯಾಕೆ?” ಎಂದ. ಅವನಿಗೆ ಕೋಪ ಬಂದಿರಲಿಲ್ಲ. ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ. “ಮಾತ್ರೆ ತಗೊಂಡು ನಾನು ಗುಣ ಆಗ್ಬಿಟ್ರೆ? ಆಮೇಲೆ ನಾನ್ ಯಾರು? ಪ್ರೆಸ್ಸಿನಲ್ಲಿ ಮಸಿ ಬಳಿಯೋನು. ಗುಣ ಆದವನನ್ನ ಯಾರು ಓದ್ತಾರೆ?”

ನನಗೆ ಇದನ್ನು ಹೇಳಿದಾಗ ಅವಳ ತುಟಿ ಒಣಗಿತ್ತು. ಅವನ ತಪ್ಪು ಎಂದು ಹೇಗೆ ಹೇಳಲಿ? ದುಡಿಮೆಯ ಮಸಿ ಮುಖದ ಮೇಲಿದ್ದಾಗ ನಕ್ಕ ಲೋಕವೇ, ಸಾಯಬೇಕು ಅನ್ನಿಸುತ್ತದೆ ಎಂದಾಗ ಚಪ್ಪಾಳೆ ತಟ್ಟಿತ್ತು. ಅವನು ಪೆದ್ದನಲ್ಲ, ಪಾಠ ಕಲಿತಿದ್ದ.

ಆಗ ಅವಳು ನಿಜ ಹೇಳಿಬಿಟ್ಟಳು. “ದೊಡ್ಡಕ್ಕ ಅನ್ನೋಳು ಇಲ್ಲ ಕಣೋ. ನಿಂಗೆ ಬರೀತಿದ್ದೋಳು ನಾನು.” ತಾನು ಬರೆದದ್ದನ್ನು ಸಾಲುಸಾಲಾಗಿ ಒಪ್ಪಿಸಿದಳು. ಅವನು ಕೇಳಿ, ನಿಧಾನವಾಗಿ ತಲೆಯಾಡಿಸಿ, “ನನ್ ಫೋನ್ ಕದ್ದು ನೋಡಿದೀಯ” ಎಂದ. “ಜನ ನಿನ್ನ ಬೈದ್ರು ಅಂತ ಹೊಟ್ಟೆಕಿಚ್ಚು ನಿಂಗೆ. ನೀನು ದೊಡ್ಡಕ್ಕನಾ? ಕನ್ನಡಿ ನೋಡ್ಕೋ ಹೋಗು.” ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಒಳಗೆ ಕೂತು ಅವನು ದೊಡ್ಡಕ್ಕನಿಗೆ ಬರೆದ. ಸಾಸಿವೆ ಹೊರಟುಹೋದ ದಿನದಿಂದ ನಾನು ಆ ಖಾಲಿ ಕುರ್ಚಿಯ ಚಿತ್ರಕ್ಕೇ ಕಾದಿದ್ದೆ. ಪಕ್ಕದ ಮೇಜಿಗೆ ಬಂದದ್ದನ್ನು ಕೇಳಿ ಇಸಿದುಕೊಂಡೆ. ‘ದೊಡ್ಡಕ್ಕಾ, ನಮ್ಮಕ್ಕ ತಾನೇ ನೀವು ಅನ್ನುತ್ತಿದ್ದಾಳೆ. ಹೌದಾ?’

ನಾನು ಹಿಂದುಮುಂದು ನೋಡಲಿಲ್ಲ. ಬರೆದೆ: ‘ಹೌದು. ನಿನಗೆ ಬರೆಯುತ್ತಿದ್ದವಳು ನಿನ್ನ ಅಕ್ಕನೇ. ಅವಳ ಮಾತು ಕೇಳು. ನಾಳೆ ಅವಳ ಜೊತೆ ಆಸ್ಪತ್ರೆಗೆ ಹೋಗು. ಇನ್ನು ಇಲ್ಲಿಗೆ ಬರೆಯಬೇಡ.’ ಕಳಿಸಿದ ಮೇಲೆ ನನಗೆ ಎಷ್ಟೋ ದಿನದ ಹಲ್ಲುನೋವು ನಿಂತ ಹಾಗೆ ಹಗುರಾಯಿತು.

ಅವನ ಮರುಮಾತು ಬಂತು. ‘ನೀವು ಯಾರು? ದೊಡ್ಡಕ್ಕ ಹೀಗೆ ಮಾತಾಡುವುದಿಲ್ಲ. ಕೆಂಪು ಹೃದಯ ಇಲ್ಲದೆ ಅವರು ಮಾತು ಮುಗಿಸುವುದಿಲ್ಲ. ಹೇಗಿದ್ದೀಯ ಅಂತ ಕೇಳದೆ ಇರುವುದಿಲ್ಲ. ನಿಜ ಹೇಳಿ, ನಮ್ಮಕ್ಕ ನಿಮ್ಮ ಕೈಯಲ್ಲಿ ಹೀಗೆ ಬರೆಸಿದಳಾ?’

ವರ್ಷಗಟ್ಟಲೆ ಸುಳ್ಳಿಗೆ ಹೃದಯ ಅಂಟಿಸಿ ಅಂಟಿಸಿ ಕಳಿಸಿದ್ದೆವು. ಹೃದಯ ಹಚ್ಚದ ನಿಜ ಅವನಿಗೆ ಮೋಸದಂತೆ ಕಂಡಿತು. ನಾನು ಇನ್ನೊಂದು ಉತ್ತರ ಬರೆಯುವಷ್ಟರಲ್ಲಿ ಅವನು, ದೊಡ್ಡಕ್ಕನ ಖಾತೆಯನ್ನು ಯಾರೋ ಕದ್ದಿದ್ದಾರೆ, ಎಚ್ಚರ, ಎಂದು ಬಹಿರಂಗವಾಗಿ ಬರೆದಾಗಿತ್ತು. ಜನ ಗಾಬರಿಯಾದರು, ಅವನ ಚುರುಕಿಗೆ ಮೆಚ್ಚಿದರು. ಮ್ಯಾನೇಜರು ಬಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ತಾನೇ ಕೂತು, ದೊಡ್ಡಕ್ಕನ ಪರವಾಗಿ ಅವನಿಗೆ ಧನ್ಯವಾದ ಬರೆದ. ನೀನು ನನ್ನ ನಿಜವಾದ ತಮ್ಮ, ಎಂದು ಬರೆದ. ಹೃದಯ ಹಾಕಿದ. ಈಗ ಹೇಗಿದ್ದೀಯ, ಎಂದೂ ಕೇಳಿದ. ನಾನು ನನ್ನ ಊಟದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದೆ.

ಗುರುವಾರ ಸಾಸಿವೆ ಒಬ್ಬಳೇ ಆಸ್ಪತ್ರೆಗೆ ಹೊರಟಳು. ರೋಗಿ ಇಲ್ಲದೆ ಹೋಗಿ ಏನು ಮಾಡ್ತೀಯ ಎಂದರೆ, “ಮಾಡಿಸಿದ ಚೀಟಿ ಹಾಳಾಗಬಾರದು. ಡಾಕ್ಟ್ರು ಏನ್ ಹೇಳ್ತಾರೋ ಕೇಳ್ಕೊಂಡಾದ್ರೂ ಬರ್ತೀನಿ” ಎಂದಳು. ನನಗೂ ಈಗ ಕೆಲಸವಿರಲಿಲ್ಲವಲ್ಲ, ಜೊತೆಗೆ ಹೋದೆ. ಉದ್ದನೆಯ ಓಣಿ, ಗೋಡೆಗೆ ಒರಗಿಸಿದ ಬೆಂಚುಗಳು. ಬೆಂಚಿನ ತುಂಬ ಇಪ್ಪತ್ತು, ಇಪ್ಪತ್ತೈದರ ಮಕ್ಕಳು. ಅಕ್ಕಪಕ್ಕ ಕೂತ ಅಪ್ಪ ಅಮ್ಮಂದಿರು. ಮಕ್ಕಳೆಲ್ಲ ತಲೆ ತಗ್ಗಿಸಿ ಫೋನು ಉಜ್ಜುತ್ತಿದ್ದರು. ಅದರಲ್ಲಿ ಎಷ್ಟು ಜನಕ್ಕೆ ನಾನು ‘ಧೈರ್ಯವಾಗಿರು ಕಂದಾ’ ಎಂದು ಬರೆದಿದ್ದೆನೋ ಗೊತ್ತಿಲ್ಲ.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಕಣ್ಣ ಕೆಳಗೆ ಕಪ್ಪು. ತಮ್ಮ ಬರಲಿಲ್ಲ ಎಂದದ್ದಕ್ಕೆ, “ಬರದೇ ಇದ್ದವರಿಗೆ ನಾನು ಏನೂ ಬರೆದುಕೊಡಕ್ಕಾಗಲ್ಲಮ್ಮ” ಎಂದಳು. ಸಾಸಿವೆ ಎದ್ದು ನಿಂತವಳು ಏನು ತೋಚಿತೋ, ಮತ್ತೆ ಕೂತು, “ತಮ್ಮಂಗಲ್ಲ, ನನಗೇ” ಎಂದಳು. ಡಾಕ್ಟರು ಏನು ಕೇಳುತ್ತಾರೆ, ಏನು ಕೊಡುತ್ತಾರೆ ಎಂದು ತಿಳಿದುಕೊಂಡು ಹೋಗಿ ತಮ್ಮನ ಮುಂದೆ ಹೇಳುವ ಆಸೆ. ಹಸಿ ಸುಳ್ಳು. ನನಗೆ ಕಣ್ಣು ಮಿಟುಕಿಸಿದಳು ಕೂಡ.

ಡಾಕ್ಟರು ಕೇಳತೊಡಗಿದಳು. ನಿದ್ದೆ ಬರುತ್ತಾ? ಹಿಂದೆ ಇಷ್ಟವಾಗಿದ್ದು ಈಗ ಇಷ್ಟವಾಗುತ್ತಾ? ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತಾ? ಫೋನ್ ಶಬ್ದ ಮಾಡಿದರೆ ಎದೆ ಹೊಡೆದುಕೊಳ್ಳುತ್ತಾ? ನಾನಿಲ್ಲದಿದ್ದರೆ ಮನೆಯವರಿಗೆ ಚೆನ್ನಾಗಿರುತ್ತಿತ್ತು ಅನ್ನಿಸುತ್ತಾ? ಸಾಸಿವೆ ತಮ್ಮನನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಎರಡಕ್ಕೆ ಬೇಗಬೇಗ ಉತ್ತರ ಕೊಟ್ಟಳು. ಮೂರನೆಯದಕ್ಕೆ ನಿಧಾನವಾದಳು. ಕೊನೆಯದಕ್ಕೆ ಬಹಳ ಹೊತ್ತು ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. “ಹೌದು” ಎಂದಳು. ಆ ಹೌದು ತಮ್ಮನದಲ್ಲ ಎಂದು ನನಗೂ ತಿಳಿಯಿತು, ಡಾಕ್ಟರಿಗೂ ತಿಳಿಯಿತು.

ದಿನವಿಡೀ ಅವಳ ಪಕ್ಕದಲ್ಲೇ ಕೂತಿದ್ದವಳು ನಾನು. ಅಷ್ಟೂ ಮಕ್ಕಳ ನೋವು ಅವಳ ಕಣ್ಣಿನೊಳಗೆ ಇಳಿದು ಎಲ್ಲಿ ಹೋಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಕೇಳಬೇಕು ಅನ್ನಿಸಿರಲಿಲ್ಲ.

ಅವಳ ಹೆಸರಿಗೇ ಮಾತ್ರೆ ಬರೆದರು. ಅವಳು ಅದನ್ನು ಒಯ್ದು ಅಡುಗೆಮನೆಯ ಕಪಾಟಿನ ಮೇಲಿಟ್ಟಳು. ಮರುದಿನ ತಮ್ಮ ನೀರು ಕುಡಿಯಲು ಬಂದವನು ನೋಡಿ, “ಯಾರದು?” ಎಂದ. “ನಂದು” ಎಂದಳು. ಅವನು ಮುಂದೆ ಏನೂ ಕೇಳಲಿಲ್ಲ. ಮಾತ್ರೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಇಟ್ಟು ಫೋಟೋ ತೆಗೆದ. ತನ್ನ ಖಾತೆಯಲ್ಲಿ ಹಾಕಿದ. ‘ಇವತ್ತಿನಿಂದ ನನ್ನ ಹೋರಾಟ ಶುರು. ಧೈರ್ಯ ಮಾಡಿದ್ದೇನೆ, ಹರಸಿ.’ ದೊಡ್ಡಕ್ಕ ಅದನ್ನು ತನ್ನ ಪುಟದಲ್ಲೂ ಹಂಚಿಕೊಂಡಳು. ಜನ ಅವನನ್ನು ವೀರ ಎಂದರು. ಹಾಳೆ ಖಾಲಿಯಾದಾಗ ಅದರ ಫೋಟೋವನ್ನೂ ಹಾಕು ಎಂದರು.

ಈಗ ಅವಳು ಕೊರಿಯರ್ ಕಂಪನಿಯೊಂದರಲ್ಲಿ ದೂರು ಕೇಳುವ ಕೆಲಸಕ್ಕಿದ್ದಾಳೆ. ಸಂಜೆ ಮನೆಗೆ ಹೋಗುವ ಮುಂಚೆ ನಮ್ಮಲ್ಲಿಗೆ ಬರುತ್ತಾಳೆ. ಮಾತ್ರೆಗಳನ್ನು ನನ್ನ ಮನೆಯಲ್ಲೇ ಇಟ್ಟಿದ್ದಾಳೆ, ನನ್ನ ಮುಂದೆಯೇ ನುಂಗುತ್ತಾಳೆ. ಮುಖಕ್ಕೆ ಸ್ವಲ್ಪ ಕಳೆ ಬಂದಿದೆ. ಹೋದ ವಾರ ಆ ಫೋಟೋದ ಮಾತು ಎತ್ತಿ, “ನೀನು ಅದಕ್ಕೇನ್ ಮಾಡ್ದೆ?” ಎಂದು ಕೇಳಿದೆ.

“ಹಾರ್ಟ್ ಒತ್ತಿದೆ.”

ನಾನು ಉರಿದುಬಿದ್ದೆ. “ನಿನ್ ಮಾತ್ರೆ, ನಿನ್ ಕಾಯಿಲೆ! ಅವನು ತನ್ನದು ಅಂತ ಹಾಕ್ಕೊಂಡ್ರೆ ನೀನ್ ಹಾರ್ಟ್ ಒತ್ತಿದ್ಯಾ?”

“ಯಾರ‍್ಯಾರು ಒತ್ತಿಲ್ಲ ಅಂತ ಅವನು ನೋಡ್ತಾನೆ ಆಂಟಿ. ನಾನು ಒತ್ತಿಲ್ಲ ಅಂದ್ರೆ ಅಮ್ಮ ಎಷ್ಟು ಕರೆದ್ರೂ ಊಟಕ್ಕೆ ಬರಲ್ಲ.”

ಲೋಟದಲ್ಲಿ ನೀರು ತಂದುಕೊಟ್ಟೆ. ಅವಳು ಹಾಳೆಯಲ್ಲಿ ಉಳಿದಿದ್ದ ಕೊನೆಯ ಮಾತ್ರೆಯನ್ನು ಒತ್ತಿ ತೆಗೆದು ನುಂಗಿದಳು. ಖಾಲಿ ಹಾಳೆಯನ್ನು ಕಸದ ಬುಟ್ಟಿಗೆ ಹಾಕಲು ಎತ್ತಿಕೊಂಡೆ. ಅವಳು ನನ್ನ ಕೈ ಹಿಡಿದಳು.

“ಎಸೀಬೇಡಿ ಆಂಟಿ. ಅದು ಅವನಿಗೆ ಬೇಕು.”